ಹಡಗಿಂದ ಇಳಿದ್ಮೇಲೆ ಊರು ನೋಡೋದು ಹೇಗೆ: ಹಡಗಿನ ಟೂರಾ, ಸ್ವಂತ ಓಡಾಟಾನಾ, ಬಂದರಿನ ಊರೇ ಸಾಕಾ?

ಮೆಡಿಟರೇನಿಯನ್ ಕ್ರೂಸ್ ಬುಕ್ ಮಾಡೋವಾಗ ಎಲ್ರೂ ವಾರಗಟ್ಲೆ ತಲೆ ಕೆಡಿಸ್ಕೊಳ್ಳೋದು ಕ್ಯಾಬಿನ್ ಬಗ್ಗೆ. ಬಾಲ್ಕನಿ ಬೇಕಾ, ಕಿಟಕಿ ಸಾಕಾ, ಯಾವ ಡೆಕ್ಕು, ರಾತ್ರಿ ಊಟದ ಟೈಮ್ ಯಾವ್ದು ಅಂತ. ಆದ್ರೆ ಮನೆಗೆ ಬಂದ್ಮೇಲೆ ನೆನಪಲ್ಲಿ ಉಳಿಯೋದು ಹಡಗಿಂದ ಇಳಿದು ಊರಲ್ಲಿ ಕಳೆದ ಆ ಏಳೆಂಟು ಗಂಟೆಗಳೇ, ಮತ್ತೆ ಆ ಗಂಟೆಗಳನ್ನ ಹೇಗೆ ಕಳೀಬೇಕು ಅನ್ನೋದನ್ನ ಬಹಳ ಜನ ಹಡಗು ಹತ್ತಿದ್ಮೇಲೆ ಟೂರ್ ಮಾರೋ ಎಕ್ಸ್‌ಕರ್ಷನ್ ಡೆಸ್ಕ್ ಮುಂದೆ ಕ್ಯೂನಲ್ಲಿ ನಿಂತ್ಕೊಂಡು ಅವಸರದಲ್ಲಿ ತೀರ್ಮಾನ ಮಾಡ್ತಾರೆ. ಅದು ನಂಗೆ ತುಂಬಾ ಬೇಜಾರಾಗೋ ವಿಷ್ಯ, ಅದಕ್ಕೇ ಇಷ್ಟುದ್ದ ಬರೀತಾ ಇದೀನಿ.

ಆಯ್ಕೆಗಳು ಏನೇನಿವೆ ಅಂದ್ರೆ, ಹಡಗಿನವರೇ ಮಾರೋ ಟೂರು, ಹೊರಗಿನ ಕಂಪನಿಯ ಗ್ರೂಪ್ ಟೂರು, ಡ್ರೈವರ್ ಸಮೇತ ಕಾರು, ರೈಲು ಬಸ್ಸಲ್ಲಿ ನಾವೇ ಹೋಗೋದು, ದೂರ ಎಲ್ಲೂ ಹೋಗ್ದೆ ಬಂದರಿನ ಊರಲ್ಲೇ ಸುತ್ತೋದು. ಇವುಗಳಲ್ಲಿ ಯಾವ್ದು ಬೆಸ್ಟು ಅಂತ ಕೇಳಿದ್ರೆ ಉತ್ರ ಸಿಗಲ್ಲ, ಯಾಕಂದ್ರೆ ಒಂದೇ ಟ್ರಿಪ್ಪಲ್ಲಿ ಒಂದು ಬಂದರಿಗೆ ಒಂದು ಸರಿ ಇನ್ನೊಂದಕ್ಕೆ ಇನ್ನೊಂದು ಸರಿ. ನಾನು ಪ್ರತಿ ಬಂದರಿಗೂ ಒಂದೇ ಪ್ರಶ್ನೆ ಕೇಳ್ಕೋತೀನಿ: ವಾಪಸ್ ಬರೋಕೆ ಎರಡನೇ ದಾರಿ ಇದೆಯಾ? ರೈಲು ನಿಂತೋದ್ರೆ ಬಸ್ಸಿದ್ಯಾ, ಬಸ್ಸು ಇಲ್ದಿದ್ರೆ ಟ್ಯಾಕ್ಸಿ ಸಿಗತ್ತಾ, ಏನೂ ಇಲ್ದಿದ್ರೆ ನಡ್ಕೊಂಡಾದ್ರೂ ಹಡಗು ಸೇರಬಹುದಾ? ಎರಡನೇ ದಾರಿ ಇದ್ರೆ ಸ್ವಂತವಾಗಿ ಹೋಗಿ. ಇಲ್ದಿದ್ರೆ, ಅಥವಾ ಇದ್ರೂ ಅದು ತುಂಬಾ ಉದ್ದ ಇದ್ರೆ, ಹಡಗಿನ ಟೂರ್ ದುಡ್ಡು ಕೊಟ್ಟು ತಗೊಳ್ಳಿ.

ಮೊದ್ಲು ಗಂಟೆ ಲೆಕ್ಕ

ಪ್ರೋಗ್ರಾಂ ಶೀಟಲ್ಲಿ ಬೆಳಗ್ಗೆ 8ರಿಂದ ಸಂಜೆ 6 ಅಂತ ಇದ್ರೆ ಹತ್ತು ಗಂಟೆ ಕೈಲಿದೆ ಅನ್ಸತ್ತೆ. ಅಷ್ಟು ಸಿಗಲ್ಲ. ಹಡಗು ಕಟ್ಟಿದ್ಮೇಲೆ ಅಲ್ಲಿನ ಅಧಿಕಾರಿಗಳು ಕ್ಲಿಯರೆನ್ಸ್ ಕೊಟ್ಟು ಜನ ಇಳಿಯೋಕೆ ಶುರು ಆಗೋ ಹೊತ್ತಿಗೆ ಅರ್ಧ ಗಂಟೆ ಹೋಗಿರತ್ತೆ, ಆಲ್ ಅಬೋರ್ಡ್ ಟೈಮ್, ಅಂದ್ರೆ ಎಲ್ರೂ ವಾಪಸ್ ಹಡಗು ಹತ್ತಿರ್ಬೇಕಾದ ಟೈಮ್, ಅಂತ ಒಂದಿರತ್ತಲ್ಲ ಅದು ಸಾಮಾನ್ಯವಾಗಿ ಹಡಗು ಹೊರಡೋಕೆ ಅರ್ಧ ಗಂಟೆ ಮುಂಚೆ, ಕೆಲವು ಕಡೆ ಇನ್ನೂ ಜಾಸ್ತಿ, ಅದಕ್ಕಿಂತ ಒಂದು ಗಂಟೆ ಮುಂಚೆ ನಾವು ಬಂದರಲ್ಲಿ ಇರ್ಬೇಕು ಅಂತ ಇಟ್ಕೊಂಡ್ರೆ ಉಳಿಯೋದು ಎಂಟು ಗಂಟೆ. ಈಗ ಇದ್ರಲ್ಲಿ ಹೋಗಿ ಬರೋ ಟೈಮ್ ಕಳೀರಿ. ಆಗ ಬರೋ ಸಂಖ್ಯೆ ನೋಡಿದ್ರೆ ಅರ್ಧ ತೀರ್ಮಾನ ತಾನಾಗೇ ಆಗೋಗತ್ತೆ.

ಇನ್ನೊಂದು, ಹಡಗಿನ ಗಡಿಯಾರ ಮತ್ತೆ ಊರಿನ ಗಡಿಯಾರ ಎರಡೂ ಯಾವಾಗ್ಲೂ ಒಂದೇ ಇರಲ್ಲ. ಇಟಲಿಯಿಂದ ಗ್ರೀಸ್‌ಗೆ ಹೋದ್ರೆ ಒಂದು ಗಂಟೆ ಮುಂದೆ ಹೋಗತ್ತೆ, ಫೋನು ನೆಟ್‌ವರ್ಕ್ ಹಿಡಿದು ತಾನೇ ಬದಲಾಯಿಸ್ಕೊಳ್ಳತ್ತೆ, ಹಡಗಿನವರು ಮಾತ್ರ ಹಡಗಿನ ಟೈಮನ್ನೇ ಹೇಳ್ತಿರ್ತಾರೆ. ಇಳಿಯೋವಾಗ ಗ್ಯಾಂಗ್‌ವೇ (ಹಡಗಿಂದ ಇಳಿಯೋ ಸೇತುವೆ) ಹತ್ರ ಬೋರ್ಡಲ್ಲಿ ಬರೆದಿರೋ ಟೈಮನ್ನ ಫೋಟೋ ತಕ್ಕೊಳ್ಳಿ. ಕೈಗೆ ಕಟ್ಟೋ ಸಾದಾ ವಾಚಿದ್ರೆ ಹಡಗಿನ ಟೈಮಿಗೆ ಇಟ್ಟುಬಿಡಿ, ಅದನ್ನ ಯಾವ ನೆಟ್‌ವರ್ಕೂ ಬದಲಾಯ್ಸಲ್ಲ.

ದೂರದ ದೊಡ್ಡ ಊರುಗಳು: ರೋಮ್, ಫ್ಲಾರೆನ್ಸ್, ವೆನಿಸ್

ಬ್ರೋಷರಲ್ಲಿ "ರೋಮ್" ಅಂತ ಬರ್ದಿದ್ರೂ ಹಡಗು ನಿಲ್ಲೋದು ಚಿವಿತವೆಕ್ಕಿಯಾದಲ್ಲಿ, ಅಲ್ಲಿಂದ ರೋಮ್ ಹೆಚ್ಚುಕಮ್ಮಿ 70ರಿಂದ 80 ಕಿಲೋಮೀಟರು. ಬಂದರು ತುಂಬಾ ದೊಡ್ಡದು, ಹಡಗಿನ ಬಾಗಿಲಿಂದ ಬಂದರಿನ ಗೇಟಿಗೆ ಶಟಲ್ ಬಸ್ಸು, ಗೇಟಿಂದ ರೈಲ್ವೆ ಸ್ಟೇಷನ್ನಿಗೆ ಇನ್ನೊಂದು ಬಸ್ಸು ಇಲ್ಲಾ ನಡಿಗೆ, ಆಮೇಲೆ ರೈಲು ಯಾವ್ದು ಸಿಗತ್ತೆ ಅನ್ನೋದರ ಮೇಲೆ ಮುಕ್ಕಾಲು ಗಂಟೆಯಿಂದ ಒಂದೂಕಾಲು ಗಂಟೆ. ಒಟ್ಟು ಒಂದು ಕಡೆಗೆ ಎರಡು ಗಂಟೆ ಅಂತ ಇಟ್ಕೊಳ್ಳಿ. ಎಂಟರಲ್ಲಿ ನಾಲ್ಕು ಹೋಯ್ತು.

ಆದ್ರೂ ರೋಮಿಗೆ ನಾನು ರೈಲೇ ಹೇಳೋದು, ಯಾಕಂದ್ರೆ ದಿನವಿಡೀ ರೈಲುಗಳಿವೆ, ಒಂದು ತಪ್ಪಿದ್ರೆ ಇನ್ನೊಂದು ಬರತ್ತೆ, ಕೊನೆಗೆ ಟ್ಯಾಕ್ಸಿಯೂ ಇದೆ, ದುಬಾರಿ ಆದ್ರೂ ಇದೆ. ರೀಜನಲ್ ರೈಲು ರೋಮಾ ಸಾನ್ ಪಿಯೆತ್ರೋ ಸ್ಟೇಷನ್ನಲ್ಲಿ ನಿಲ್ಲತ್ತೆ, ಅಲ್ಲಿಂದ ಸೇಂಟ್ ಪೀಟರ್ಸ್‌ಗೆ ನಡ್ಕೊಂಡೇ ಹೋಗ್ಬೋದು, ರೋಮಿನ ಮುಖ್ಯ ಸ್ಟೇಷನ್ ಟೆರ್ಮಿನಿ ತನಕ ಹೋಗಿ ವಾಪಸ್ ಬರೋ ಕೆಲ್ಸಾನೇ ಇಲ್ಲ. ನಾಲ್ಕು ಗಂಟೇಲಿ ಕೊಲೋಸಿಯಂ, ವ್ಯಾಟಿಕನ್ ಮ್ಯೂಸಿಯಂ, ಟ್ರೇವಿ ಕಾರಂಜಿ ಎಲ್ಲಾನೂ ಮುಗಿಸ್ತೀನಿ ಅಂತ ಹೊರಟ್ರೆ ನೋಡೋದು ಬರೀ ಕ್ಯೂಗಳನ್ನ. ಒಂದು ದೊಡ್ಡ ಜಾಗ, ಅದರ ಸುತ್ತಮುತ್ತ ಒಂದಷ್ಟು ಬೀದಿ, ಅಷ್ಟೇ ಇಟ್ಕೊಳ್ಳಿ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ರಜೆ, ತಿಂಗಳ ಕೊನೇ ಭಾನುವಾರ ಮಾತ್ರ ತೆಗೆದಿರತ್ತೆ, ಅವತ್ತು ಜನಸಾಗರ.

ಇಟಲಿ ರೈಲು ಅಂದ್ರೆ ಒಂದು ಮಾತು ಹೇಳ್ಲೇಬೇಕು. ಷೋಪೆರೋ ಅಂತ ಅಲ್ಲಿ ಮುಷ್ಕರಕ್ಕೆ ಕರೀತಾರೆ, ಸಾಮಾನ್ಯವಾಗಿ ಮುಂಚೇನೇ ದಿನಾಂಕ ಹೇಳಿರ್ತಾರೆ. ಹೊರಡೋ ಹಿಂದಿನ ವಾರ ಒಂದ್ಸಲ ನೋಡ್ಕೊಳ್ಳಿ. ಅವತ್ತು ಮುಷ್ಕರ ಇದ್ರೆ ನನ್ನ ಎರಡನೇ ದಾರಿ ಲೆಕ್ಕ ಪೂರ್ತಿ ಬದಲಾಗತ್ತೆ, ಆಗ ಹಡಗಿನ ಬಸ್ಸೇ ಸರಿ.

ಫ್ಲಾರೆನ್ಸ್‌ಗೆ ಬಂದರು ಲಿವೋರ್ನೋ, ದೂರ ಸುಮಾರು 90 ಕಿಲೋಮೀಟರು. ಇಲ್ಲಿ ಹಡಗಿನವರು ಮಾರೋ ಟೂರುಗಳಲ್ಲಿ ಜನ ಬಿದ್ದು ತಗೊಳ್ಳೋದು "ಫ್ಲಾರೆನ್ಸ್ ಮತ್ತು ಪೀಸಾ ಒಂದೇ ದಿನ" ಅನ್ನೋದನ್ನ. ನಾವೂ ತಗೊಂಡಿದ್ವಿ. ಬೆಳಗ್ಗೆ ಬಸ್ಸು ಹತ್ತಿ ಕೂತಿದ್ದು, ಪೀಸಾದಲ್ಲಿ ಬಸ್ ಪಾರ್ಕಿಂಗಿಂದ ಗೋಪುರದ ತನಕ ಗೈಡ್ ಹಿಂದೆ ಓಡ್ಕೊಂಡು ಹೋಗಿ ಮುಕ್ಕಾಲು ಗಂಟೆ ಕೊಟ್ರು, ಫೋಟೋ ತೆಗ್ಸಿಕೊಂಡ್ವಿ, ಮತ್ತೆ ಬಸ್ಸು, ಫ್ಲಾರೆನ್ಸಲ್ಲಿ ಡ್ಯುಒಮೋ ಅನ್ನೋ ಮುಖ್ಯ ಚರ್ಚಿನ ಒಳಗೆ ಹೋಗೋ ಕ್ಯೂ ನೋಡಿ ಗೈಡೇ ಬೇಡ ಅಂದ್ರು, ಹೊರಗಿಂದ ನೋಡಿ ವಾಪಸ್. ದಿನದ ಅರ್ಧ ಬಸ್ಸಿನ ಕಿಟಕಿಯಲ್ಲಿ ಹೋಯ್ತು. ಗೈಡ್ ಒಳ್ಳೆಯವರೇ, ತಪ್ಪು ಆ ಪ್ಲಾನಿಂದು. ಎರಡರಲ್ಲಿ ಒಂದೇ ಆರಿಸ್ಕೊಳ್ಳಿ ದಯವಿಟ್ಟು.

ಲಿವೋರ್ನೋ ಚೆಂತ್ರಾಲೆ ಸ್ಟೇಷನ್ನಿಂದ ಪೀಸಾಗೆ ರೈಲಲ್ಲಿ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ, ಫ್ಲಾರೆನ್ಸ್‌ಗೆ ಒಂದೂವರೆ ಗಂಟೆ ಹತ್ರ ಹತ್ರ. ಮೊದ್ಲ ಸಲ ಹೋಗೋರಿಗೆ, ಕಲೆ ಅಂದ್ರೆ ಜೀವ ಅನ್ನೋರಿಗೆ ಫ್ಲಾರೆನ್ಸೇ. ಸೋಮವಾರ ಆದ್ರೆ ಯೋಚ್ನೆ ಮಾಡಿ, ಉಫೀತ್ಸಿ ಗ್ಯಾಲರಿಯೂ ಮೈಕೆಲಾಂಜೆಲೋನ ಡೇವಿಡ್ ಇರೋ ಅಕಾಡೆಮಿಯಾನೂ ಸೋಮವಾರ ಮುಚ್ಚಿರ್ತಾವೆ. ನಂಗೀಗ ಕೇಳಿದ್ರೆ ಪೀಸಾ ಪ್ಲಸ್ ಲುಕ್ಕಾ ಅಂತೀನಿ. ಪೀಸಾದಿಂದ ಲುಕ್ಕಾಗೆ ರೈಲಲ್ಲಿ ಅರ್ಧ ಗಂಟೆ, ಊರಿನ ಸುತ್ತ ನಾಲ್ಕು ಕಿಲೋಮೀಟರಿನ ಕೋಟೆಗೋಡೆ ಇದೆ, ಅದ್ರ ಮೇಲೇ ಮರಗಳ ಸಾಲು, ಜನ ಸೈಕಲ್ ಹೊಡೀತಾ ವಾಕಿಂಗ್ ಮಾಡ್ತಾ ಇರ್ತಾರೆ. ಆ ಗೋಡೆ ಮೇಲೆ ಒಂದು ಸುತ್ತು ಹಾಕಿದ್ರೆ ಬೆಳಗಿನ ಓಡಾಟದ ಸುಸ್ತೆಲ್ಲ ಇಳಿಯತ್ತೆ.

ವೆನಿಸ್ ಕಥೆ ಬೇರೆ, ಇಲ್ಲಿ ಬುಕ್ ಮಾಡೋ ಮುಂಚೆನೇ ಕಣ್ಣು ತೆರೆದು ಓದ್ಬೇಕು. 2021ರ ಆಗಸ್ಟ್ 1ರಿಂದ ದೊಡ್ಡ ಹಡಗುಗಳು ಸಾನ್ ಮಾರ್ಕೋ ಮುಂದಿನ ಕಾಲುವೆಯಲ್ಲಿ ಬರೋ ಹಾಗಿಲ್ಲ. ಆಮೇಲಿಂದ "ವೆನಿಸ್" ಅಂತ ಬರೆದಿರೋ ಹಡಗುಗಳು ಮಾರ್ಗೆರಾದಲ್ಲಿ ನಿಲ್ಬೋದು, ಟ್ರಿಯೆಸ್ತೆಯಲ್ಲಿ ನಿಲ್ಬೋದು, ರವೆನ್ನಾದಲ್ಲೂ ನಿಲ್ಬೋದು. ರವೆನ್ನಾದಿಂದ ವೆನಿಸ್‌ಗೆ ರಸ್ತೆಯಲ್ಲಿ ಸುಮಾರು 150 ಕಿಲೋಮೀಟರು. ಒಂದೇ ದಿನದಲ್ಲಿ ಅಷ್ಟು ದೂರ ಸ್ವಂತವಾಗಿ ಹೋಗಿ ಬರೋಕೆ ನಾನಂತೂ ಹೋಗಲ್ಲ. ಹಡಗಿನ ಟೂರ್ ತಗೊಳ್ಳಿ, ಇಲ್ಲಾ ಕ್ರೂಸ್ ಶುರು ಆಗೋ ಮುಂಚೆ ಎರಡು ರಾತ್ರಿ ವೆನಿಸ್ಸಲ್ಲೇ ಉಳಿದು ಬಂದರಿನ ದಿನಾನ ರವೆನ್ನಾಗೆ ಕೊಡಿ. ಐದು ಆರನೇ ಶತಮಾನದ ಮೊಸಾಯಿಕ್‌ಗಳು ಅಲ್ಲಿವೆ, ಸಾನ್ ವಿತಾಲೆ ಚರ್ಚಿನ ಒಳಗೆ ತಲೆ ಎತ್ತಿ ನಿಂತ್ರೆ ಗೋಡೆ ಗೋಡೆಯೆಲ್ಲ ಹಸಿರು ಬಂಗಾರದ ಬಣ್ಣ, ಹತ್ತಿರದಲ್ಲೇ ದಾಂತೆ ಸಮಾಧಿ. ಬಂದರು ಊರಿಂದ ಸ್ವಲ್ಪ ದೂರ ಇದೆ, ಬಸ್ಸು ಬೇಕಾಗತ್ತೆ.

ಹಡಗಿನ ಟೂರಿಗೆ ಕೊಡೋ ದುಡ್ಡಿಗೆ ಏನು ಸಿಗತ್ತೆ

ಹಡಗಿನ ಟೂರು ದುಬಾರಿ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಅದ್ರ ಜೊತೆ ಒಂದು ಭರವಸೆ ಬರತ್ತೆ. ಅವರ ಬಸ್ಸು ಲೇಟಾದ್ರೆ ಹಡಗು ಕಾಯತ್ತೆ, ಕಾಯೋಕೆ ಆಗ್ದಿದ್ರೆ ಮುಂದಿನ ಬಂದರಿಗೆ ತಲುಪ್ಸೋದು ಅವರ ಜವಾಬ್ದಾರಿ. ನೀವೇ ಹೋಗಿ ತಡ ಆದ್ರೆ ಹಡಗು ಹೊರಟೇ ಬಿಡತ್ತೆ, ಮುಂದಿನ ಊರಿಗೆ ನಿಮ್ಮ ಖರ್ಚಲ್ಲೇ ಹೋಗ್ಬೇಕು. ಹಾಗಾಗ್ದಿರ್ಲಿ, ಆದ್ರೂ ತಯಾರಿರ್ಬೇಕು. ಪ್ರತಿದಿನದ ಪ್ರೋಗ್ರಾಂ ಶೀಟಲ್ಲಿ ಆ ಊರಿನ ಪೋರ್ಟ್ ಏಜೆಂಟ್ (ಬಂದರಲ್ಲಿ ಹಡಗಿನ ಕಂಪನಿಯ ಪ್ರತಿನಿಧಿ) ಹೆಸರು ಫೋನ್ ನಂಬರ್ ಇರತ್ತೆ, ಅದನ್ನ ಫೋಟೋ ತೆಗೆದಿಟ್ಕೊಳ್ಳಿ. ಕೆಲವು ಹಡಗಲ್ಲಿ ಪಾಸ್‌ಪೋರ್ಟ್ ರಿಸೆಪ್ಷನ್ನಲ್ಲೇ ಇಟ್ಕೊಂಡಿರ್ತಾರೆ, ಹಾಗಿದ್ರೆ ಅದರ ಕಾಪಿ, ಒಂದು ಕಾರ್ಡು, ದಿನಾ ತಗೊಳ್ಳೋ ಮಾತ್ರೆ ಎರಡು ದಿನದ್ದು, ಇವು ಬ್ಯಾಗಲ್ಲಿ ಇರ್ಲೇಬೇಕು. ಮಾತ್ರೆ ವಿಷ್ಯ ಯಾರೂ ಹೇಳಲ್ಲ, ವಯಸ್ಸಾದವರನ್ನ ಕರ್ಕೊಂಡು ಹೋಗೋರು ಮರೀಬೇಡಿ.

ಹಡಗಿನ ಟೂರಿನ ಇನ್ನೊಂದು ಲಾಭ ಟೆಂಡರ್ ಬಂದರುಗಳಲ್ಲಿ. ಹಡಗು ದಡಕ್ಕೆ ಬರೋಕಾಗ್ದೆ ನಡುನೀರಲ್ಲಿ ನಿಂತು ಸಣ್ಣ ಬೋಟಲ್ಲಿ ಜನಾನ ಇಳಿಸೋ ಕಡೆ, ಟೂರ್ ತಗೊಂಡೋರನ್ನ ಸಾಮಾನ್ಯವಾಗಿ ಮೊದ್ಲು ಕಳಿಸ್ತಾರೆ. ಉಳಿದೋರು ಟೋಕನ್ ತಗೊಂಡು ಕಾಯ್ಬೇಕು. ವೀಲ್‌ಚೇರ್ ಇರೋರಿಗೆ ಟೆಂಡರ್ ಬೋಟು ಹತ್ತೋದು ಕಷ್ಟ, ಅಲೆ ಜೋರಿದ್ರೆ ಬಿಡೋದೂ ಇಲ್ಲ, ಅಂಥವರು ರೂಟ್ ಆರಿಸೋವಾಗ್ಲೇ ಯಾವ ಬಂದರು ಟೆಂಡರ್ ಅಂತ ನೋಡ್ಕೋಬೇಕು.

ಹೊರಗಿನ ಕಂಪನಿ ಟೂರುಗಳಲ್ಲಿ ಗುಂಪು ಚಿಕ್ಕದಾಗಿರತ್ತೆ, ಬೆಲೇನೂ ಕಮ್ಮಿ, ಆದ್ರೆ ಹಡಗು ಅವರಿಗೋಸ್ಕರ ಕಾಯಲ್ಲ. ಬುಕ್ ಮಾಡೋವಾಗ ಎರಡು ವಿಷ್ಯ ಬರಹದಲ್ಲಿ ಕೇಳಿ: ಹಡಗು ಆ ಬಂದರಿಗೆ ಬರ್ದೇ ಇದ್ರೆ ಪೂರ್ತಿ ದುಡ್ಡು ವಾಪಸ್ಸಾ, ತಡ ಆಗಿ ಹಡಗು ತಪ್ಪಿದ್ರೆ ಮುಂದಿನ ಬಂದರಿಗೆ ಅವರೇ ಕಳಿಸ್ತಾರಾ. ಎರಡಕ್ಕೂ ಹೌದು ಅಂತ ಬರೆದುಕೊಟ್ರೆ ಧೈರ್ಯವಾಗಿ ತಗೊಳ್ಳಿ. ಬಾಡಿಗೆ ಕಾರು ಸ್ವಂತ ಓಡ್ಸೋದು ಮಾತ್ರ ಬೇಡ, ಇಟಲಿ ಊರುಗಳ ಒಳಗೆ ಹೊರಗಿನ ವಾಹನ ಬಿಡದ ವಲಯಗಳಿವೆ, ಕ್ಯಾಮೆರಾ ಹಿಡಿದು ತಿಂಗಳುಗಳಾದ್ಮೇಲೆ ದಂಡದ ಪತ್ರ ಬರತ್ತೆ, ಪಾರ್ಕಿಂಗ್ ಹುಡುಕೋದ್ರಲ್ಲೇ ಒಂದು ಗಂಟೆ ಹೋಗತ್ತೆ.

ಕಾರು ಮತ್ತು ಡ್ರೈವರ್: ಎಫೆಸಸ್ ಉದಾಹರಣೆ

ನಾಲ್ಕೈದು ಜನ ಇರೋ ಕುಟುಂಬಕ್ಕೆ ಡ್ರೈವರ್ ಸಮೇತ ಕಾರು ಬಹಳಷ್ಟು ಸಲ ಹಡಗಿನ ಟೂರಿನ ನಾಲ್ಕೈದು ಸೀಟಿಗಿಂತ ಅಗ್ಗ ಬೀಳತ್ತೆ, ಮತ್ತೆ ನಿಮ್ಮ ನಡಿಗೆಗೆ ತಕ್ಕ ಹಾಗೆ ದಿನ ಸಾಗತ್ತೆ. ಇದು ತುಂಬಾ ಚೆನ್ನಾಗಿ ಕೆಲ್ಸ ಮಾಡೋದು ಟರ್ಕಿಯ ಕುಶಾದಸಿಯಲ್ಲಿ. ಹಡಗು ಊರಿನ ಪಕ್ಕದಲ್ಲೇ ನಿಲ್ಲತ್ತೆ, ಪ್ರಾಚೀನ ಊರಿನ ಅವಶೇಷಗಳಿರೋ ಎಫೆಸಸ್ ಅಲ್ಲಿಂದ ಇಪ್ಪತ್ತು ಕಿಲೋಮೀಟರಿನ ಒಳಗೆ. ಎಫೆಸಸ್‌ಗೆ ಎರಡು ಗೇಟು, ಒಂದು ಮೇಲೆ ಒಂದು ಕೆಳಗೆ, ನಡುವೆ ಇಳಿಜಾರಿನ ಕಲ್ಲುಹಾಸಿನ ಬೀದಿ. ಮೇಲಿನ ಗೇಟಲ್ಲಿ ಇಳಿಸಿ ಕೆಳಗಿನ ಗೇಟಲ್ಲಿ ಕಾಯಿ ಅಂತ ಡ್ರೈವರ್‌ಗೆ ಹೇಳಿದ್ರೆ ಪೂರ್ತಿ ಇಳೀತಾನೇ ನೋಡ್ಬೋದು, ಮಂಡಿ ನೋವಿರೋರಿಗೆ ಇದೊಂದೇ ವಿಷ್ಯ ಇಡೀ ದಿನಾನ ಉಳಿಸತ್ತೆ. ಇಳೀತಾ ಇಳೀತಾ ಕೊನೆಗೆ ಎದುರಿಗೆ ಸೆಲ್ಸಸ್ ಗ್ರಂಥಾಲಯದ ಮುಖ ಎದ್ದು ನಿಲ್ಲತ್ತಲ್ಲ, ಎರಡನೇ ಶತಮಾನದ್ದು, ಅದನ್ನ ಮೇಲಿಂದ ಬಂದು ನೋಡೋದೇ ಚೆಂದ. ಟೆರೇಸ್ ಹೌಸ್ ಅಂತ ಬೇರೆ ಟಿಕೆಟ್ ಇರೋ ಭಾಗ ಇದೆ, ಬಿಡ್ಬೇಡಿ, ರೋಮನ್ ಸಿರಿವಂತರ ಮನೆಗಳ ಗೋಡೆ ಚಿತ್ರ ನೆಲದ ಮೊಸಾಯಿಕ್ಕು ಎಲ್ಲ ನೆರಳಲ್ಲಿ ನಿಂತು ನೋಡ್ಬೋದು. ಕಾರು ಮಾತಾಡೋವಾಗ "ಕಾರ್ಪೆಟ್ ಅಂಗಡಿ, ಲೆದರ್ ಅಂಗಡಿ ಬೇಡ" ಅಂತ ಮೊದ್ಲೇ ಹೇಳ್ಬಿಡಿ, ಇಲ್ಲಾಂದ್ರೆ ಒಂದು ಗಂಟೆ ಅಲ್ಲೇ ಹೋಗತ್ತೆ.

ಟರ್ಕಿ ಮತ್ತೆ ಮಾಂಟೆನೆಗ್ರೋ ಎರಡೂ ಶೆಂಗೆನ್ (ಒಂದೇ ವೀಸಾದಲ್ಲಿ ಓಡಾಡೋ ಯುರೋಪಿನ ದೇಶಗಳ ಗುಂಪು) ಒಳಗೆ ಬರಲ್ಲ ಅನ್ನೋದು ನೆನಪಿರ್ಲಿ. ಇಟಲಿಯಿಂದ ಹೊರಟು ಕುಶಾದಸಿ ನೋಡಿ ಮತ್ತೆ ಗ್ರೀಸ್‌ಗೆ ಬರೋದು ಅಂದ್ರೆ ಶೆಂಗೆನ್ ಬಿಟ್ಟು ವಾಪಸ್ ಒಳಗೆ ಬಂದ ಲೆಕ್ಕ, ಸಿಂಗಲ್ ಎಂಟ್ರಿ ವೀಸಾ ಸಾಕಾಗಲ್ಲ. ಕ್ರೊಯೇಷಿಯಾ 2023ರ ಜನವರಿ 1ರಿಂದ ಶೆಂಗೆನ್ ಒಳಗೇ ಇದೆ, ದುಡ್ಡೂ ಯೂರೋನೇ.

ನೇಪಲ್ಸ್: ಇಲ್ಲಿ ನಾಲ್ಕು ದಾರಿ

ಸ್ವಂತವಾಗಿ ಹೋಗೋಕೆ ಧೈರ್ಯ ಇಲ್ಲ ಅನ್ನೋರು ಕಲಿಯೋಕೆ ನೇಪಲ್ಸ್‌ನಿಂದ್ಲೇ ಶುರು ಮಾಡಿ ಅಂತೀನಿ, ಯಾಕಂದ್ರೆ ಹಡಗು ನಿಲ್ಲೋದೇ ಊರಿನ ಮಡಿಲಲ್ಲಿ, ಇಳಿದ್ರೆ ಎದುರಿಗೇ ಕಾಸ್ತೆಲ್ ನುಒವೋ ಕೋಟೆ, ಪಕ್ಕದಲ್ಲೇ ಮುನಿಚಿಪಿಯೋ ಮೆಟ್ರೋ ಸ್ಟೇಷನ್.

ಎಲ್ರ ಬಾಯಲ್ಲೂ ಪೊಂಪೇ, ಜ್ವಾಲಾಮುಖಿ ಸ್ಫೋಟದಲ್ಲಿ ಹೂತುಹೋದ ರೋಮನ್ ಊರು. ಚಿರ್ಕುಮ್‌ವೆಸುವಿಯಾನಾ ಅನ್ನೋ ಲೋಕಲ್ ರೈಲು ಹಿಡಿದ್ರೆ ಪೊಂಪೇ ಸ್ಕಾವಿ ಸ್ಟೇಷನ್‌ಗೆ ಮುಕ್ಕಾಲು ಗಂಟೆಯ ಒಳಗೆ, ಗೇಟು ಎದುರಿಗೇ. ರೈಲು ಹಳೇದು, ಬೇಸಿಗೇಲಿ ಉಸಿರು ಕಟ್ಟೋಷ್ಟು ರಶ್ಶು, ಜೇಬುಗಳ್ಳರ ಕಾಟ ಇದೆ, ಬ್ಯಾಗು ಎದೆ ಮೇಲೆ ಹಾಕ್ಕೊಳ್ಳಿ. ಒಂದ್ಸಲ ವಾಪಸ್ ಬರೋವಾಗ ರೈಲು ಬರ್ದೇ ನಿಂತು ನಿಂತು ನನ್ನ ಕಣ್ಣು ವಾಚ್ ಬಿಟ್ಟು ಕದಲ್ತಿರ್ಲಿಲ್ಲ, ಆದ್ರೆ ಭಯ ಆಗ್ಲಿಲ್ಲ, ಯಾಕಂದ್ರೆ ಪೊಂಪೇ ಊರೊಳಗೆ ಮುಖ್ಯ ರೈಲ್ವೆಯ ಇನ್ನೊಂದು ಸ್ಟೇಷನ್ ಇದೆ, ಗೇಟಿನ ಹೊರಗೆ ಟ್ಯಾಕ್ಸಿಗಳಿವೆ ಅಂತ ಮೊದ್ಲೇ ನೋಡಿಟ್ಕೊಂಡಿದ್ವಿ. ಎರಡನೇ ದಾರಿ ಅಂತ ನಾನು ಹೇಳ್ತಾ ಇರೋದು ಇದನ್ನೇ. ಟಿಕೆಟ್ ಮುಂಚೆನೇ ತಗೊಳ್ಳಿ, 2024ರ ನವೆಂಬರ್‌ನಿಂದ ಪೊಂಪೇಗೆ ದಿನಕ್ಕೆ 20,000 ಜನ ಅಂತ ಮಿತಿ ಇಟ್ಟಿದ್ದಾರೆ, ಟಿಕೆಟ್ ಮೇಲೆ ಹೆಸ್ರೂ ಇರತ್ತೆ.

ಆದ್ರೆ ನನ್ನ ಮನಸ್ಸು ಹರ್ಕ್ಯುಲೇನಿಯಂ ಕಡೆಗೆ. ಅದೇ ಕ್ರಿ.ಶ. 79ರ ವೆಸೂವಿಯಸ್ ಸ್ಫೋಟದಲ್ಲಿ ಹೂತುಹೋದ ಇನ್ನೊಂದು ಊರು, ಅದೇ ರೈಲಲ್ಲಿ ಅರ್ಧ ದಾರಿ, ಎರ್ಕೊಲಾನೋ ಸ್ಕಾವಿಯಲ್ಲಿ ಇಳಿದು ಇಳಿಜಾರಲ್ಲಿ ಹತ್ತು ನಿಮಿಷ ನಡೆದ್ರೆ ಬಂತು. ಪೊಂಪೇ ತುಂಬಾ ದೊಡ್ಡದು, ನಾಲ್ಕು ಗಂಟೆ ನಡೆದ್ರೂ ಮುಗಿಯಲ್ಲ, ಬಿಸಿಲಿಗೆ ನೆರಳಿಲ್ಲ. ಹರ್ಕ್ಯುಲೇನಿಯಂ ಎರಡೂವರೆ ಗಂಟೇಲಿ ನಿಧಾನವಾಗಿ ನೋಡ್ಬೋದು, ಮತ್ತೆ ಅಲ್ಲಿ ಮನೆಗಳ ಮೇಲಂತಸ್ತು ಉಳಿದಿದೆ, ಸುಟ್ಟು ಇದ್ದಿಲಾದ ಮರದ ತೊಲೆ, ಬಾಗಿಲು, ಮಂಚ ಕೂಡ ಹಾಗೇ ಇದೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಯಾರೋ ಮಲಗ್ತಿದ್ದ ಮಂಚ. ಅದರ ಮುಂದೆ ನಾವು ಮಾತಾಡ್ದೆ ನಿಂತುಬಿಟ್ವಿ.

ಇನ್ನು ಕಾಪ್ರಿ ದ್ವೀಪ. ಬಂದರಿನ ಪಕ್ಕದ ಮೋಲೋ ಬೆವೆರೆಲ್ಲೋದಿಂದ ಸ್ಪೀಡ್ ಬೋಟು, ಒಂದು ಗಂಟೆಗಿಂತ ಕಮ್ಮಿ. ನೋಡೋಕೆ ಸುಲಭ ಅನ್ಸತ್ತೆ. ಆದ್ರೆ ಸಮುದ್ರ ಎದ್ರೆ ಬೋಟು ಕ್ಯಾನ್ಸಲ್, ದ್ವೀಪದಿಂದ ಬರೋಕೆ ರಸ್ತೆ ಇಲ್ಲ. ಎರಡನೇ ದಾರಿ ಇಲ್ದಿರೋ ಜಾಗ ಅಂದ್ರೆ ಇದು, ಹೋಗ್ಲೇಬೇಕು ಅನ್ನೋರು ಹಡಗಿನ ಟೂರಲ್ಲೇ ಹೋಗಿ. ನಾಲ್ಕನೇದು ನೇಪಲ್ಸ್ ಊರೇ. ಕಾಲ್ನಡಿಗೇಲಿ ಸ್ಪಾಕಾನಾಪೊಲಿ ಬೀದಿ, ಸಾನ್‌ಸೆವೆರೋ ಚಾಪೆಲ್‌ನಲ್ಲಿ 1753ರ ಮುಸುಕು ಹೊದ್ದ ಕ್ರಿಸ್ತನ ಅಮೃತಶಿಲೆ ವಿಗ್ರಹ, ತೆಳ್ಳನೆ ಬಟ್ಟೆ ನಿಜವಾಗ್ಲೂ ಹೊದಿಸಿದ ಹಾಗೇ ಕಾಣತ್ತೆ, ಆಮೇಲೆ ಪುರಾತತ್ವ ಮ್ಯೂಸಿಯಂ, ಪೊಂಪೇಯಲ್ಲಿ ಸಿಕ್ಕ ಒಳ್ಳೊಳ್ಳೆ ಮೊಸಾಯಿಕ್ಕೆಲ್ಲ ಇರೋದು ಇಲ್ಲಿ. ಚಾಪೆಲ್ಲಿಗೂ ಮ್ಯೂಸಿಯಂಗೂ ಮಂಗಳವಾರ ರಜೆ.

ಅಥೆನ್ಸ್ ಮತ್ತೆ ಸಾಂತೊರಿನಿ, ಒಂದೇ ದೇಶ ಆದ್ರೂ ಲೆಕ್ಕ ಬೇರೆ

ಅಥೆನ್ಸ್‌ಗೆ ಬಂದರು ಪಿರೇಯಸ್. ಮೆಟ್ರೋ ಇದೆ, ಅದೂ ಎರಡು ಲೈನು, ಹಸಿರು ಲೈನಿನ ಮೂಲ ರೈಲುದಾರಿ 1869ರಷ್ಟು ಹಳೇದು, ನೀಲಿ ಲೈನು 2022ರಲ್ಲಿ ಬಂತು, ಎರಡೂ ಮೊನಾಸ್ತಿರಾಕಿಗೆ ಹೋಗತ್ತೆ, ಅಲ್ಲಿಂದ ಆಕ್ರೊಪೊಲಿಸ್ ಕಣ್ಣಿಗೆ ಕಾಣತ್ತೆ. ಟ್ಯಾಕ್ಸಿನೂ ಇದೆ, ದೂರ ಹತ್ತು ಹನ್ನೆರಡು ಕಿಲೋಮೀಟರು ಅಷ್ಟೇ. ಇಲ್ಲಿ ಹಡಗಿನ ಟೂರಿಗೆ ದುಡ್ಡು ಹಾಕೋದು ನಂಗೆ ಸರಿ ಕಾಣಲ್ಲ. ಒಂದೇ ಎಚ್ಚರ, ಟರ್ಮಿನಲ್ಲಿಂದ ಮೆಟ್ರೋ ಸ್ಟೇಷನ್ನು ಸಾಕಷ್ಟು ದೂರ, ಬಿಸಿಲಲ್ಲಿ ನಡೆಯೋ ಬದ್ಲು ಬಸ್ಸು ಹತ್ತಿ. ಆಕ್ರೊಪೊಲಿಸ್‌ಗೆ 2023ರಿಂದ ಟೈಮ್ ಸ್ಲಾಟ್ ಟಿಕೆಟ್ಟು, ಬೆಳಗಿನ ಸ್ಲಾಟೇ ತಗೊಳ್ಳಿ, ಸುಡುಬಿಸಿಲಿನ ದಿನಗಳಲ್ಲಿ ಮಧ್ಯಾಹ್ನ ಮುಚ್ಚಿಬಿಡೋದೂ ಉಂಟು.

ಸಾಂತೊರಿನಿ ಟೆಂಡರ್ ಬಂದರು. ಹಡಗು ಜ್ವಾಲಾಮುಖಿಯ ಕುಳಿ ತುಂಬಿದ ನೀರಲ್ಲಿ ನಿಲ್ಲತ್ತೆ, ತಲೆ ಮೇಲೆ ಕಡಿದಾದ ಬಂಡೆ, ಬಂಡೆ ತುದೀಲಿ ಬಿಳಿ ಮನೆಗಳ ಫಿರಾ ಊರು. ಹಳೇ ಬಂದರಿಂದ ಮೇಲೆ ಹೋಗೋಕೆ ಕೇಬಲ್ ಕಾರು, 588 ಮೆಟ್ಟಿಲು, ಇಲ್ಲಾ ಕತ್ತೆ ಹೇಸರಗತ್ತೆ. ಕೇಬಲ್ ಕಾರಲ್ಲಿ ಒಂದ್ಸಲಕ್ಕೆ ಹಿಡಿಯೋದು 36 ಜನ, ಅವತ್ತು ಮೂರ್ನಾಲ್ಕು ಹಡಗು ಬಂದಿದ್ರೆ ಸಾವಿರಾರು ಜನ. ನಾನು ನಮ್ಮಮ್ಮನ್ನ ಕರ್ಕೊಂಡು ಹೋದಾಗ ವಾಪಸ್ ಇಳಿಯೋ ಕ್ಯೂನಲ್ಲಿ ಒಂದೂಕಾಲು ಗಂಟೆ ಬಿಸಿಲಲ್ಲಿ ನಿಂತಿದ್ವಿ, ಅಮ್ಮ ಏನೂ ಹೇಳ್ಲಿಲ್ಲ, ಗೋಡೆಗೆ ಒರಗಿ ನಿಂತಿದ್ರು, ಅದನ್ನ ನೋಡಿ ನಂಗೆ ಹೊಟ್ಟೆ ಉರಿದೋಯ್ತು. ಮೆಟ್ಟಿಲಿಳಿಯೋದು ಎರಡನೇ ದಾರಿ ಅಂತ ಕಾಲು ಗಟ್ಟಿ ಇರೋರು ಅಂದ್ಕೋಬೋದು, ಆದ್ರೆ ಕಲ್ಲು ನುಣುಪು, ಮೇಲೆ ಲದ್ದಿ, ಎದುರಿಂದ ಪ್ರಾಣಿಗಳು ಬರ್ತಿರ್ತಾವೆ. ಕತ್ತೆ ಸವಾರಿ ಬೇಡ್ವೇ ಬೇಡ, 2018ರಲ್ಲಿ ಗ್ರೀಸ್ ಸರ್ಕಾರ ಅವುಗಳ ಮೇಲೆ ಹೊರಿಸೋ ತೂಕಕ್ಕೆ ಮಿತಿ ಹಾಕ್ಬೇಕಾಗಿ ಬಂತು ಅಂದ್ರೆ ಅವುಗಳ ಪಾಡು ಏನಿರ್ಬೇಕು ನೋಡಿ.

ವಯಸ್ಸಾದವರು, ಮಕ್ಕಳು ಜೊತೆಗಿದ್ರೆ ಇಲ್ಲಿ ಹಡಗಿನ ಟೂರೇ ಸರಿ, ಅದ್ರಲ್ಲೂ ಬೆಳಗಿನ ಮೊದ್ಲ ಟೂರು. ಟೂರ್ ತಗೊಂಡೋರನ್ನ ಸಾಮಾನ್ಯವಾಗಿ ಅಥಿನಿಯೋಸ್ ಅನ್ನೋ ಬೇರೆ ಬಂದರಲ್ಲಿ ಇಳಿಸಿ ಬಸ್ಸಲ್ಲಿ ಸೀದಾ ದ್ವೀಪದ ಇಯಾ ಅನ್ನೋ ಊರಿಗೆ ಕರ್ಕೊಂಡು ಹೋಗ್ತಾರೆ, ಮೇಲೆ ಹೋಗೋ ಕ್ಯೂ ಪೂರ್ತಿ ತಪ್ಪತ್ತೆ. ಇಳಿಯೋವಾಗ ಮಾತ್ರ ಕೇಬಲ್ ಕಾರು, ಅದಕ್ಕೂ ಗೈಡ್ ಬಿಟ್ಟ ಕೂಡ್ಲೇ ಹೊರಟುಬಿಡಿ, ಕೊನೇ ಎರಡು ಗಂಟೇಲಿ ಎಲ್ರೂ ಒಟ್ಟಿಗೇ ಬರ್ತಾರೆ. 2025ರ ಜುಲೈಯಿಂದ ಸಾಂತೊರಿನಿ, ಮಿಕೊನೋಸ್ ಎರಡಕ್ಕೂ ಸೀಸನ್ನಲ್ಲಿ ಕ್ರೂಸ್ ಪ್ರಯಾಣಿಕರಿಗೆ ತಲಾ 20 ಯೂರೋ ಶುಲ್ಕ ಬಂದಿದೆ, ಹಡಗಿನ ಬಿಲ್ಲಲ್ಲಿ ಇದ್ರೆ ಗಾಬರಿ ಆಗ್ಬೇಡಿ.

ಟೂರೇ ಬೇಡದ ಬಂದರುಗಳು

ಕೆಲವು ಕಡೆ ಯಾವ ಟೂರೂ ಬೇಡ, ಕಾಲೇ ಸಾಕು. ಫ್ರಾನ್ಸಿನ ವಿಲ್‌ಫ್ರಾಂಷ್‌ನಲ್ಲಿ ಟೆಂಡರ್ ಇಳಿದು ಸ್ವಲ್ಪ ಮೇಲೆ ಹತ್ತಿದ್ರೆ ಸಮುದ್ರದ ಪಕ್ಕದಲ್ಲೇ ಸ್ಟೇಷನ್, ಒಂದು ಕಡೆಗೆ ನೀಸ್ ಏಳೆಂಟು ನಿಮಿಷ, ಇನ್ನೊಂದು ಕಡೆಗೆ ಮೊನಾಕೋ ಕಾಲು ಗಂಟೆ ಚಿಲ್ಲರೆ. ಬಸ್ಸೂ ಇದೆ. ಕ್ರೊಯೇಷಿಯಾದ ಡುಬ್ರೊವ್ನಿಕ್‌ನಲ್ಲಿ ಹಡಗು ಗ್ರುಜ್ ಬಂದರಲ್ಲಿ, ಹಳೇ ಊರಿನ ಪೀಲೆ ಬಾಗಿಲಿಗೆ ಸುಮಾರು ಮೂರು ಕಿಲೋಮೀಟರು, ಸಿಟಿ ಬಸ್ಸು ಹೋಗತ್ತೆ. ಕೋಟೆಗೋಡೆ ಸುಮಾರು ಎರಡು ಕಿಲೋಮೀಟರು, ಬೆಳಗ್ಗೆ ಮೊದ್ಲ ಕೆಲಸ ಅದೇ ಆಗ್ಲಿ, ಹತ್ತು ಗಂಟೆ ಮೇಲೆ ಮೇಲೆಲ್ಲ ಕಾದ ಕಲ್ಲು. ಬೇಕಾದಲ್ಲಿ ಇಳಿದು ಮತ್ತೆ ಹತ್ತೋ ಹಾಪ್ ಆನ್ ಬಸ್ಸು ಬಾರ್ಸಿಲೋನಾದಂಥ ಹರಡಿಕೊಂಡಿರೋ ಊರಿಗೆ ಸರಿ, ಡುಬ್ರೊವ್ನಿಕ್ ಥರ ಗೋಡೆಯೊಳಗಿನ ಊರಿಗೆ ವಾಹನವೇ ಹೋಗಲ್ಲ, ಆ ಟಿಕೆಟ್ಟಿಗೆ ದುಡ್ಡು ಕೊಡ್ಬೇಡಿ.

ಮಾಂಟೆನೆಗ್ರೋದ ಕೋಟರ್‌ಗೆ ಬರೋ ದಿನ ಬೆಳಗ್ಗೆ ಅಲಾರಂ ಇಟ್ಟು ಎದ್ದು ಡೆಕ್ ಮೇಲೆ ಹೋಗಿ. ಬೆಟ್ಟಗಳ ನಡುವೆ ಕೊಲ್ಲಿ ಸುತ್ತಿ ಸುತ್ತಿ ಒಳಗೆ ಹೋಗತ್ತೆ, ವೆರಿಗೆ ಅನ್ನೋ ಕಡೆ ಮುನ್ನೂರು ಚಿಲ್ಲರೆ ಮೀಟರಿಗೆ ಕಿರಿದಾಗತ್ತೆ, ಪೆರಾಸ್ತ್ ಮುಂದೆ ಪುಟ್ಟ ದ್ವೀಪದ ಮೇಲೆ ಚರ್ಚು, ಅಷ್ಟು ದೊಡ್ಡ ಹಡಗು ಸದ್ದಿಲ್ದೆ ಅದರ ಪಕ್ಕ ಹಾದುಹೋಗತ್ತೆ. ಆ ದಿನದ ಅತ್ಯಂತ ಚೆಂದದ ಟೂರು ಅದೇ, ಟಿಕೆಟ್ಟೂ ಇಲ್ಲ. ಇಳಿದ್ರೆ ಎದುರಿಗೇ ಹಳೇ ಊರಿನ ಬಾಗಿಲು, ಕಾಲು ಗಟ್ಟಿ ಇದ್ರೆ ಸಾವಿರದ ಮುನ್ನೂರಕ್ಕೂ ಜಾಸ್ತಿ ಮೆಟ್ಟಿಲು ಹತ್ತಿ ಸಾನ್ ಜೊವಾನ್ನಿ ಕೋಟೆ. ಮಾಲ್ಟಾದ ವಲ್ಲೆಟ್ಟಾದಲ್ಲೂ ಹಾಗೇ, ಹಡಗು ಗ್ರಾಂಡ್ ಹಾರ್ಬರ್ ಒಳಗೇ, 58 ಮೀಟರ್ ಎತ್ತರದ ಲಿಫ್ಟು ನಿಮ್ಮನ್ನ ಅಪ್ಪರ್ ಬರಾಕ್ಕಾ ತೋಟಕ್ಕೆ ಎತ್ತಿಬಿಡತ್ತೆ. ಸೇಂಟ್ ಜಾನ್ಸ್ ಕೋ-ಕ್ಯಾಥೆಡ್ರಲ್‌ನಲ್ಲಿ ಕಾರವಾಜ್ಜೋ 1608ರಲ್ಲಿ ಬರೆದ ದೊಡ್ಡ ಚಿತ್ರ ಇದೆ, ಭಾನುವಾರ ಪ್ರವಾಸಿಗರಿಗೆ ಬಿಡಲ್ಲ.

ಹೀಗೆ ಬಂದರಿನ ಊರನ್ನೇ ನೋಡಿ ಅಂದ್ರೆ ಕೆಲವರಿಗೆ ಏನೋ ಕಳ್ಕೊಂಡ ಹಾಗನ್ಸತ್ತೆ. ಸಿಸಿಲಿಯ ಮೆಸ್ಸೀನಾದಲ್ಲಿ ಹಡಗಿನ ಮುಕ್ಕಾಲು ಪಾಲು ಜನ ಬಸ್ಸು ಹತ್ತಿ ತಾವೊರ್ಮಿನಾ, ಎಟ್ನಾ ಅಂತ ಹೊರಟ್ರು, ನಾವು ಅವತ್ತು ಸುಸ್ತಾಗಿ ಊರಲ್ಲೇ ಉಳಿದ್ವಿ. ಬಂದರಿಂದ ಹತ್ತು ನಿಮಿಷ ನಡೆದ್ರೆ ಡ್ಯುಒಮೋ ಚೌಕ. 1908ರ ಭೂಕಂಪದಲ್ಲಿ ಈ ಊರು ನೆಲಸಮ ಆಗಿತ್ತು, ಮತ್ತೆ ಕಟ್ಟಿದಾಗ ಗಂಟೆಗೋಪುರಕ್ಕೆ 1933ರಲ್ಲಿ ದೊಡ್ಡ ಯಂತ್ರ ಗಡಿಯಾರ ಕೂರಿಸಿದ್ರು. ಹನ್ನೊಂದು ಮುಕ್ಕಾಲಿಗೆ ಹೋಗಿ ಚೌಕದಲ್ಲಿ ಗೋಪುರಕ್ಕೆ ಮುಖ ಮಾಡಿ ನಿಂತ್ಕೊಳ್ಳಿ. ಸರಿಯಾಗಿ ಹನ್ನೆರಡಕ್ಕೆ ಮೇಲಿನ ಬಂಗಾರದ ಸಿಂಹ ಬಾವುಟ ಆಡ್ಸಿ ಘರ್ಜನೆ ಮಾಡತ್ತೆ, ಕೆಳಗಿನ ಹುಂಜ ರೆಕ್ಕೆ ಬಡಿದು ಕೂಗತ್ತೆ, ಒಂದೊಂದೇ ಬೊಂಬೆಗಳ ಸಾಲು ಹೊರಗೆ ಬರತ್ತೆ, ಹತ್ತು ನಿಮಿಷಕ್ಕೂ ಜಾಸ್ತಿ ನಡೆಯತ್ತೆ. ನಮ್ಮಮ್ಮ ಮೆಟ್ಟಿಲ ಮೇಲೆ ಕೂತು, ಕೈಯನ್ನ ಕಣ್ಣಿಗೆ ಅಡ್ಡ ಹಿಡ್ಕೊಂಡು, ಕೊನೇ ಬೊಂಬೆ ಒಳಗೆ ಹೋಗೋ ತನಕ ಮೇಲೇ ನೋಡ್ತಾ ಇದ್ರು. ಒಂದು ಗಂಟೆಗೆ ವಾಪಸ್ ಹಡಗಲ್ಲಿದ್ವಿ, ಅಷ್ಟು ದೊಡ್ಡ ಡೆಕ್ ಪೂರ್ತಿ ಖಾಲಿ, ನೆರಳಿನ ಕುರ್ಚಿ ಬೇಕಾದಷ್ಟು.